ಪುಸ್ತಕದ ಬದನೆಕಾಯಿ

ಕೆಲಸಕ್ಕೆ ಬಾರದ ವಿದ್ಯೆಗೆ ನಮ್ಮಲ್ಲಿ ‘ಪುಸ್ತಕದ ಬದನೆಕಾಯಿ’ ಎನ್ನುವ ಮಾತಿದೆ. ಈ ಮಾತನ್ನು ಮೊದಲು ಆಡಿದವರು ಖಂಡಿತ ಹಸಿದಿದ್ದಿರಬೇಕು. ಪುಸ್ತಕದಲ್ಲಿರುವ ಬದನೆಕಾಯಿಯನ್ನು ಹೆಚ್ಚಲಾಗುವುದಿಲ್ಲ, ಸುಡಲಾಗುವುದಿಲ್ಲ, ಮಸಾಲೆ ತುಂಬಿ ಎಣ್ಣೆಗಾಯಿ ಮಾಡಲಾಗುವುದಿಲ್ಲ. ಇಪ್ಪತ್ತೆಂಟು ವರ್ಷದಿಂದ ಹೈಸ್ಕೂಲಿನಲ್ಲಿ ಕನ್ನಡ, ಸಮಾಜ ಹೇಳಿಕೊಡುತ್ತಿರುವ ನಾನು ಈ ನುಡಿಗಟ್ಟಿನ ಅರ್ಥವನ್ನು ಎಷ್ಟು ತಂಡ ಮಕ್ಕಳಿಗೆ ಬಿಡಿಸಿ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ನೋಡಿದರೆ ನನ್ನ ಪುಸ್ತಕಗಳಲ್ಲೇ ನಿಜವಾದ ಬದನೆಕಾಯಿಗಳು ಬಂದು ಕೂತಿವೆ. ಎಣಿಸಿದರೆ ಮೂವತ್ತೇಳು. ಜೊತೆಗೆ ಹೀರೆ, ಹಾಗಲ, ಮೊಗೆಕಾಯಿ, ಸೀಬೆಹಣ್ಣು, ಮಾವಿನ ಮಿಡಿ, ದಾಸವಾಳ, ಒಂದು ಡೇರೆ. ಎಲ್ಲವೂ ಪೋಸ್ಟ್ ಕಾರ್ಡಿಗಿಂತ ತುಸು ದೊಡ್ಡ ಹಾಳೆಯಲ್ಲಿ, ನೀರುಬಣ್ಣದಲ್ಲಿ ಬರೆದ ಚಿತ್ರಗಳು.

ಈ ಹುಚ್ಚು ನನಗೆ ಅಂಟಿದ್ದು ಸರಕಾರಿ ಕೃಪೆಯಿಂದ. 2016ರಲ್ಲಿ ನಮ್ಮ ಶಾಲೆಯ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಕಣ್ಣಾಡಿಸಿ, “ಮೇಡಂ, ನಿಮ್ಮ ಅಕ್ಷರ ದುಂಡಗಿದೆ. ಡ್ರಾಯಿಂಗ್ ಪೀರಿಯಡ್ ನೀವೇ ನೋಡ್ಕೊಂಡ್ಬಿಡಿ” ಎಂದರು. ದುಂಡಗಿನ ಅಕ್ಷರಕ್ಕೂ ಚಿತ್ರಕಲೆಗೂ ಏನು ಸಂಬಂಧ ಎಂದು ಕೇಳುವಷ್ಟರಲ್ಲಿ ವೇಳಾಪಟ್ಟಿ ಗೋಡೆಗೇರಿತ್ತು. ಮೇಷ್ಟ್ರು ಬಿಟ್ಟುಹೋದ ಬೀರುವಿನಲ್ಲಿ ಬಣ್ಣದ ಟ್ಯೂಬುಗಳೂ, ಜಿರಲೆ ರುಚಿ ನೋಡಿದ ನಾಲ್ಕು ಬ್ರಷ್ಷುಗಳೂ, ಮೇಣದ ಒಂದು ಸೇಬೂ ಇದ್ದವು. ಆ ಸೇಬನ್ನು ಬರೆದು ಬರೆದು ಮಕ್ಕಳಿಗೆ ಬೇಸರ ಬಂದಿತ್ತು. ನಾನು ಮನೆಯಿಂದ ಬಾಳೆಹಣ್ಣಿನ ಚಿಪ್ಪೊಂದನ್ನು ಒಯ್ದು ಮೇಜಿನ ಮೇಲಿಟ್ಟೆ. ಮುಂದಿನ ಬೆಂಚಿನವರು ಗೆರೆ ಎಳೆದು ಮುಗಿಸುವ ಹೊತ್ತಿಗೆ ಅದರಲ್ಲಿ ಮೂರು ಹಣ್ಣು ಹಿಂದಿನ ಬೆಂಚಿನವರ ಹೊಟ್ಟೆ ಸೇರಿದ್ದವು. ಮರುವಾರದಿಂದ ಹಸಿಯಾಗಿ ತಿನ್ನಲಾಗದ ತರಕಾರಿಯನ್ನೇ ಒಯ್ಯತೊಡಗಿದೆ. ಬದನೆಕಾಯಿ ನನ್ನ ಬಾಳಿನಲ್ಲಿ ಹೀಗೆ ಎರಡನೆಯ ಸಲ ಪ್ರವೇಶ ಮಾಡಿತು.

ಮಕ್ಕಳಿಗೆ ಹೇಳಿಕೊಡಬೇಕಾದರೆ ಮೊದಲು ನಾನು ಕಲಿಯಬೇಕಲ್ಲ. ಸಂಜೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಬದನೆಕಾಯಿ ಇಟ್ಟುಕೊಂಡು ಕೂತೆ. ಬದನೆಯ ಬಣ್ಣ ಏನು ಎಂದು ಕೇಳಿದರೆ ಯಾರಾದರೂ ನೇರಳೆ ಎನ್ನುತ್ತಾರೆ. ಕೂತು ನೋಡಿದರೆ ಹಾಗಲ್ಲ. ತೊಟ್ಟಿನ ಹತ್ತಿರ ಕೆಂಪು ಹೆಚ್ಚು, ಹೊಟ್ಟೆಯ ಕಡೆ ನೀಲಿ ಹೆಚ್ಚು, ನೆಲ ಮುಟ್ಟುವಲ್ಲಿ ಕಟ್ಟೆಯ ಕಲ್ಲಿನ ಬಣ್ಣ ಅದರ ಮೇಲೆ ಬಿದ್ದಿರುತ್ತದೆ. ತೊಟ್ಟಿನ ಟೋಪಿಯ ಅಂಚಿನಡಿ, ಬಿಸಿಲು ಕಾಣದ ಕಡೆ, ಎಳೆಯ ತಿಳಿ ಬಿಳುಪಿನ ಒಂದು ಪಟ್ಟಿ ಇರುತ್ತದೆ. ಹೊಟ್ಟೆಯ ನಡುವೆ ಹೊಳೆಯುವ ಬಿಳಿ ಮಚ್ಚೆ. ಬಗ್ಗಿ ನೋಡಿದೆ. ಅದು ನಮ್ಮ ಅಡುಗೆಮನೆಯ ಕಿಟಕಿ! ಸರಳುಗಳ ಸಮೇತ, ಕಡಲೆಬೇಳೆಯಷ್ಟು ಚಿಕ್ಕದಾಗಿ, ಬದನೆಕಾಯಿಯ ಮೇಲೆ ಬಾಗಿ ಕೂತಿತ್ತು. ಇಷ್ಟು ವರ್ಷ ನಾನು ಆ ಕಿಟಕಿಯ ಪಕ್ಕ ನಿಂತು ಬದನೆಕಾಯಿ ಹೆಚ್ಚಿದ್ದೇನೆ.

ನೀರುಬಣ್ಣದಲ್ಲಿ ಬಿಳಿ ಎನ್ನುವುದನ್ನು ಬಳಿಯುವುದಿಲ್ಲ. ಬಣ್ಣದ ಪುಡಿಯನ್ನು ಜಾಲಿಯ ಜಾತಿಯ ಮರದ ಅಂಟಿನಲ್ಲಿ ಅರೆದು ಮಾಡಿದ ಈ ಬಣ್ಣ ಪಾರದರ್ಶಕ. ತೆಳ್ಳಗೆ ಹಚ್ಚಿದರೆ ಕೆಳಗಿನ ಹಾಳೆಯೇ ಅದರೊಳಗಿಂದ ಬೆಳಗುತ್ತದೆ. ಹೊಳಪು ಬೇಕಾದ ಕಡೆ ಹಾಳೆಯನ್ನು ಮುಟ್ಟದೆ ಹಾಗೇ ಬಿಡಬೇಕು. ಎಣ್ಣೆಬಣ್ಣದಲ್ಲಾದರೆ ತಪ್ಪಿದ್ದರ ಮೇಲೆ ಇನ್ನೊಂದು ಪದರ ಬಳಿಯಬಹುದು. ಇಲ್ಲಿ ಒಮ್ಮೆ ಬಣ್ಣ ಕುಡಿದ ಹಾಳೆ ಮತ್ತೆ ಮೊದಲಿನ ಬೆಳ್ಳಗೆ ಬರುವುದು ಕಷ್ಟ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಣ್ಣುಮಗಳ ಚಿತ್ರವನ್ನು ನೀವೂ ನೋಡಿರುತ್ತೀರಿ. ಅನೇಕರು ಅದು ರವಿವರ್ಮನದೆಂದೇ ತಿಳಿದಿದ್ದಾರೆ. ಅದು 1945-46ರಲ್ಲಿ ಎಸ್. ಎಲ್. ಹಲ್ದಣಕರ್ ಅವರು ತಮ್ಮ ಮಗಳನ್ನೇ ನಿಲ್ಲಿಸಿ ಬರೆದದ್ದು, ಅದೂ ನೀರುಬಣ್ಣದಲ್ಲಿ. ಬಿ.ಎಡ್. ಓದುವಾಗ ಪ್ರವಾಸದಲ್ಲಿ ಅದರ ಮುಂದೆ ನಿಂತು ‘ಎಷ್ಟು ಚೆನ್ನಾಗಿದೆ’ ಎಂದು ಮುಂದೆ ಸರಿದಿದ್ದೆ. ಒಂದು ಬದನೆಕಾಯಿಯ ಮೇಲೆ ಕಡಲೆಬೇಳೆಯಷ್ಟು ಬೆಳಕು ಉಳಿಸಲು ಉಸಿರು ಹಿಡಿದು ಕೂತಮೇಲೆ, ಆ ಬೆರಳುಗಳ ಸಂದಿನ ಬೆಳಕಿಗೆ ಎಂಥ ಕೈ ಬೇಕು ಎನ್ನುವುದು ತಿಳಿಯಿತು.

ಇಂಗ್ಲಿಷಿನವರು ಇಂಥ ಚಿತ್ರಗಳಿಗೆ ‘ಸ್ಟಿಲ್ ಲೈಫ್’ ಎನ್ನುತ್ತಾರೆ, ಅಂದರೆ ಅಲುಗದ ಜೀವ. ಫ್ರೆಂಚರ ಹೆಸರು ಇನ್ನೂ ಕಠೋರ, ಸತ್ತ ಪ್ರಕೃತಿ ಎಂದು ಅದರ ಅರ್ಥ. ನಮ್ಮ ಡ್ರಾಯಿಂಗ್ ಕ್ಲಾಸಿನ ಭಾಷೆಯಲ್ಲಿ ‘ವಸ್ತುಚಿತ್ರ’. ನನಗೆ ಮೂರೂ ಅಷ್ಟಾಗಿ ಒಪ್ಪಿಗೆಯಿಲ್ಲ. ಕಿತ್ತ ಹೀರೇಕಾಯಿ ಸತ್ತದ್ದೂ ಅಲ್ಲ, ಸುಮ್ಮನಿರುವುದೂ ಅಲ್ಲ. ಬೆಳಿಗ್ಗೆ ಬರೆಯಲು ಇಟ್ಟದ್ದು ಸಂಜೆಗೆ ಸೊಂಟ ಬಗ್ಗಿಸಿರುತ್ತದೆ. ದಾಸವಾಳವಂತೂ ಮಧ್ಯಾಹ್ನದ ನಂತರ ಮುಖ ಮುಚ್ಚಿಕೊಳ್ಳಲು ಶುರು. ನಮ್ಮನ್ನು ಬೇಗ ಬೇಗ ಎನ್ನುವ ಜೀವಗಳು ಇವು.

ಮನೆಯಲ್ಲಿ ಹೆಂಗಸೊಬ್ಬಳು ತರಕಾರಿಯ ಮುಂದೆ ಕೈ ಕಟ್ಟಿ ಕೂತರೆ ಏನಾಗುತ್ತದೆ, ನೀವೇ ಊಹಿಸಿ. ಇವರು ಒಳಗೆ ಬಂದವರು, “ಇವತ್ತು ಪಲ್ಯವೋ, ಪ್ರದರ್ಶನವೋ?” ಎಂದು ಕೇಳಿ ಹೋಗುತ್ತಿದ್ದರು. ಅವರ ಮಾತಿನಲ್ಲಿ ತಮಾಷೆಯಿತ್ತು. ಅತ್ತೆಯವರ ಮಾತಿನಲ್ಲಿ ಅದೂ ಇರಲಿಲ್ಲ. “ತಿನ್ನೋ ಪದಾರ್ಥನ ನೋಡ್ತಾ ಕೂತ್ರೆ ಹೊಟ್ಟೆ ತುಂಬ್ತದಾ ಮಾರಾಯ್ತಿ? ಪುಸ್ತಕದ ಬದನೆಕಾಯಿ ಅಂತ ಕೇಳಿದ್ದೆ, ಈಗ ಕಂಡ ಹಾಗಾಯ್ತು” ಎನ್ನುತ್ತಿದ್ದರು.

ನಾನು ಆಗ ನನ್ನಷ್ಟಕ್ಕೇ ಒಂದು ವಾದ ಕಟ್ಟಿಕೊಂಡಿದ್ದೆ. ನಾವು ಹೆಂಗಸರು ತರಕಾರಿ ಬುಟ್ಟಿಯ ಮುಂದೆ ನಿಂತಾಗ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: ಇವತ್ತು ಏನು ಮಾಡಲಿ? ಬೀನ್ಸ್ ಇದ್ದರೆ ಪಲ್ಯ, ಸೌತೆ ಇದ್ದರೆ ಹುಳಿ, ಎರಡೂ ಇಲ್ಲದಿದ್ದರೆ ತಂಬುಳಿ. ಅದು ಹೇಗಿದೆ ಎಂದು ಕೇಳುವಷ್ಟು ಪುರುಸೊತ್ತನ್ನು ನಮಗೆ ಯಾರೂ ಕೊಟ್ಟಿಲ್ಲ. ಹಾಗಾಗಿ ನಾವು ದಿನಾ ಮುಟ್ಟುವ ಪದಾರ್ಥವನ್ನೇ ನೋಡಿರುವುದಿಲ್ಲ. ಚಿತ್ರ ಬರೆಯುವ ಒಂದು ಗಂಟೆ ಆ ಪ್ರಶ್ನೆಯಿಂದ ಬಿಡುಗಡೆ. ಇದು ನನ್ನ ವಾದ. ಕೇಳಲು ಚೆನ್ನಾಗಿಯೇ ಇತ್ತು. ಅದನ್ನು ಮುರಿದವರು ನಮ್ಮ ಅತ್ತೆ.

2018ರಲ್ಲಿ ಅತ್ತೆಯವರಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಕಣ್ಣಿನೊಳಗಿನ ಒತ್ತಡ ಕಣ್ಣಿನ ನರವನ್ನು ಸದ್ದಿಲ್ಲದೆ ತಿನ್ನುವ ಕಾಯಿಲೆ. ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಕಿರಿದಾಗುತ್ತ ಬರುತ್ತದೆ, ನಟ್ಟನಡುವಿನದು ಬಹುಕಾಲ ಉಳಿದಿರುತ್ತದೆ. ಹೋದದ್ದು ಮಾತ್ರ ಮತ್ತೆ ಬರುವುದಿಲ್ಲ, ಇರುವುದನ್ನು ಔಷಧ ಹಾಕಿ ಕಾಯಬೇಕು. ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅವರಿಗೆ ಬಹಳಷ್ಟು ಹೋಗಿತ್ತು. ಹೊಸ್ತಿಲು ಎಡವುತ್ತಿದ್ದರು, ಪಕ್ಕದಲ್ಲಿ ಬಂದು ನಿಂತವರನ್ನು ಕಾಣದೆ ಬೆಚ್ಚುತ್ತಿದ್ದರು. ಒಲೆಯ ಹತ್ತಿರ ಹೋಗಬೇಡಿ ಎಂದು ಮಗ ಹೇಳಿದ ದಿನ ಅವರು ಊಟ ಮಾಡಲಿಲ್ಲ. ಐವತ್ತೈದು ವರ್ಷ ಆಳಿದ ರಾಜ್ಯ ಕೈತಪ್ಪಿತ್ತು. ಅಲ್ಲಿಂದ ಮುಂದೆ ಜಗಲಿಯ ಮಂಚವೇ ಅವರ ಜಾಗ. ನಾನು ಶಾಲೆಯಿಂದ ಬಂದು ಕಣ್ಣಿಗೆ ಹನಿ ಹಾಕುತ್ತಿದ್ದೆ. “ಊಟ ಆಯ್ತಾ?” “ಆಯ್ತು.” “ನಿದ್ದೆ ಬಂತಾ?” “ಬಂತು.” ನಮ್ಮಿಬ್ಬರ ಮಾತು ಇಷ್ಟಕ್ಕೆ ಇಳಿದಿತ್ತು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಮಧ್ಯಾಹ್ನಗಳೆಲ್ಲ ನನ್ನ ಕೈಗೆ ಬಂದವು. ಜಗಲಿಯಲ್ಲಿ ಬೆಳಕು ಚೆನ್ನಾಗಿರುತ್ತದೆಂದು ಬಣ್ಣದ ತಟ್ಟೆ ತೆಗೆದುಕೊಂಡು ಅಲ್ಲೇ ಕೂರತೊಡಗಿದೆ. ಒಂದು ದಿನ ಬರೆದು ಮುಗಿಸಿದ ಬದನೆಯ ಚಿತ್ರ ಒಣಗಲೆಂದು ಎತ್ತಿ ಹಿಡಿದಿದ್ದೆ. ಅತ್ತೆ, “ಎಲ್ಲಿ, ತಾ ಇಲ್ಲಿ” ಎಂದರು. ಮುಖದ ನೇರಕ್ಕೆ ಹಿಡಿದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, “ಇದು ಇವತ್ತು ಕಿತ್ತದ್ದಲ್ಲ. ಮೂರು ದಿನ ಆಗಿದೆ” ಎಂದರು.

ನನಗೆ ಮೈ ಜುಮ್ಮೆಂದಿತು. ಆ ಕಾಯಿ ಮೂರು ದಿನದ ಹಿಂದೆ ತಳ್ಳುಗಾಡಿಯಲ್ಲಿ ಬಂದದ್ದು ನಿಜ. ಹೇಗೆ ಗೊತ್ತಾಯಿತು ಎಂದು ಕೇಳಿದೆ. “ತೊಟ್ಟಿನ ಟೋಪಿ ನೋಡು. ಹೊಸ ಕಾಯಿಗೆ ಅದು ಮೈಗೆ ಅಂಟಿಕೊಂಡಿರ್ತದೆ, ಮುಳ್ಳು ಚುಚ್ಚೋ ಹಾಗಿರ್ತದೆ. ನೀ ಬರ್ದಿದ್ದು ಅಂಚು ಎತ್ಕೊಂಡಿದೆ. ಅಲ್ಲೆಲ್ಲೋ ಕಂದು ಬಣ್ಣ ಹಾಕಿದೀಯ ನೋಡು, ಅದು ಒಣಗಿದ್ದು” ಎಂದರು. ಕಂಡದ್ದನ್ನು ಕಂಡ ಹಾಗೆ ಬರೆದವಳು ನಾನು. ಅದರ ಅರ್ಥ ಓದಿದವರು ಅವರು.

ಅಲ್ಲಿಗೆ ನನ್ನ ವಾದ ಮುರಿದುಬಿತ್ತು. ಈ ಹೆಂಗಸು ಅಡುಗೆಯ ಅವಸರದಲ್ಲಿ ನೋಡದೆ ಬದುಕಿದವರಲ್ಲ. ಸೌತೆಯ ತುದಿಯ ಬಣ್ಣದಲ್ಲಿ ಕಹಿ ಗುರುತಿಸಿ, ಬೆಂಡೆಯ ತುದಿಯಲ್ಲಿ ಎಳಸು ಗುರುತಿಸಿ, ಹಲಸಿನ ಮುಳ್ಳು ಎಷ್ಟು ಚಪ್ಪಟೆಯಾಗಿದೆ ಎನ್ನುವುದರಲ್ಲಿ ಹಣ್ಣಾಗುವ ದಿನ ಎಣಿಸಿ ಅವರ ಕಣ್ಣು ಪಳಗಿತ್ತು. ಏನು ಮಾಡಲಿ ಎನ್ನುವ ಪ್ರಶ್ನೆಯೇ ಅವರಿಗೆ ಹೇಗಿದೆ ಎಂದು ನೋಡಲು ಕಲಿಸಿತ್ತು. ಆ ನೋಟವೆಲ್ಲ ಪ್ರತಿದಿನ ಬೆಂದು, ಬಡಿಸಿ, ಮುಗಿದುಹೋಗುತ್ತಿತ್ತು, ಅಷ್ಟೆ. ಬೆಳಿಗ್ಗೆ ಹಾಕಿದ ರಂಗೋಲಿ ಮಧ್ಯಾಹ್ನಕ್ಕೆ ಅಳಿದ ಹಾಗೆ. ನಮ್ಮ ಸಾಗರದ ಸೀಮೆಯಲ್ಲಿ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಮರಳಿ ಗೋಡೆ ಸಾರಿಸಿದರೆ ಅದೂ ಹೋಯಿತು. ಹೆಂಗಸರ ಕಣ್ಣಿಗೆ ಕಂಡದ್ದು ಹಾಳೆಯ ಮೇಲೆ ಉಳಿದದ್ದು ಬಹಳ ಕಡಿಮೆ.

ಅಂದಿನಿಂದ ಅತ್ತೆ ನನ್ನ ಪರೀಕ್ಷಕರಾದರು. ಕೋಣೆಯ ಆ ತುದಿಯ ಬಾಗಿಲು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ದೊಡ್ಡ ಕ್ಯಾಲೆಂಡರ್ ತುಂಡು ತುಂಡಾಗಿ ಕಾಣುತ್ತಿತ್ತು. ಆದರೆ ನನ್ನ ಅಂಗೈಯಗಲದ ಹಾಳೆ ಅವರ ಉಳಿದ ನೋಟದೊಳಗೆ ಇಡಿಯಾಗಿ ಹಿಡಿಸುತ್ತಿತ್ತು. ದೊಡ್ಡ ಹಾಳೆಗೆ ದುಡ್ಡು ಹೆಚ್ಚೆಂದು ಚಿಕ್ಕದರಲ್ಲಿ ಬರೆಯುತ್ತಿದ್ದವಳು ಆಮೇಲೆ ಅವರಿಗಾಗಿಯೇ ಚಿಕ್ಕದರಲ್ಲಿ ಬರೆದೆ. ಹಾಗಲಕಾಯಿಯ ಉಬ್ಬುಗಳು ಸಾಲಾಗಿ ಬಂದಿಲ್ಲ ಎಂದರು. ಮೊಗೆಕಾಯಿಗೆ ಹೊಟ್ಟೆ ಸಾಲದು ಎಂದರು. ಟ್ಯೂಬಿನ ಹಸಿರನ್ನು ನೇರ ಬಳಿದ ಎಲೆ ನೋಡಿ, “ಇದು ಪ್ಲಾಸ್ಟಿಕ್ಕು” ಎಂದುಬಿಟ್ಟರು. ಹಳದಿ, ನೀಲಿ ಬೆರೆಸಿ ಅದಕ್ಕೊಂದು ಚೂರು ಕೆಂಪು ಸೇರಿಸಿದಾಗ ಮಾತ್ರ “ಹ್ಞಾಂ, ಈಗ ಬಸಳೆ ಆಯ್ತು” ಎಂದು ಒಪ್ಪಿದರು. ಯಾವ ಡ್ರಾಯಿಂಗ್ ಪುಸ್ತಕವೂ ನನಗೆ ಇಷ್ಟು ಕಲಿಸಿರಲಿಲ್ಲ.

ಇವರು ಮಾತ್ರ, “ದಿನಕ್ಕೊಂದು ತರಕಾರಿಯ ಚಿತ್ರ ಬರೆಯೋರು ಈ ಜಿಲ್ಲೆಯಲ್ಲಿ ನೀನೊಬ್ಬಳೇ” ಎಂದು ನಗುತ್ತಿದ್ದರು. ಅದಕ್ಕೆ ನನಗೊಂದು ಉತ್ತರ ಸಿಕ್ಕಿತು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯನಿದ್ದ. ದಿನಕ್ಕೊಂದು ಗಿಡವನ್ನು ತಿಳಿದುಕೊಳ್ಳಬೇಕೆಂದು ಅವನ ವ್ರತ. ಅದಕ್ಕಾಗಿ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಆ ಸಂಗ್ರಹ ಈಗಲೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿದೆ. ಅದೇ ಕಾಲದಲ್ಲಿ ಮದ್ರಾಸಿನ ಕಡೆ ರಾಬರ್ಟ್ ವೈಟ್ ಎಂಬ ಸಸ್ಯಶಾಸ್ತ್ರಜ್ಞನಿಗೆ ರಂಗಯ್ಯ, ಗೋವಿಂದು ಎಂಬ ಚಿತ್ರಕಾರರು ಗಿಡಬಳ್ಳಿಗಳನ್ನು ಬರೆದುಕೊಟ್ಟರು. ವೈಟ್ 1853ರಲ್ಲಿ ಒಂದು ಸೀತಾಳೆ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. “ನೋಡಿ, ಈ ಜಿಲ್ಲೆಯಲ್ಲಿ ನನಗಿಂತ ಮೊದಲೇ ಒಬ್ಬ ಇದ್ದ” ಎಂದು ಇವರಿಗೆ ಹೇಳಿದೆ. ಅತ್ತೆ ಮಂಚದ ಮೇಲಿಂದ, “ಅವನಿಗೆ ಅದಕ್ಕೆ ಸಂಬಳ ಕೊಡ್ತಿದ್ರಲ್ಲ?” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

2022ರ ಆಗಸ್ಟ್. ಅತ್ತೆಯವರ ನೋಟ ಬಹಳ ಕಿರಿದಾಗಿತ್ತು. ಒಂದು ಬೆಳಿಗ್ಗೆ ಅವರೇ ಕರೆದು, “ನನ್ನ ಡೇರೆ ಬರಿ. ಇನ್ನೊಂದು ಮಳೆಗಾಲಕ್ಕೆ ನಂಗೆ ಕಾಣ್ತದೋ ಇಲ್ವೋ” ಎಂದರು.

ಮಲೆನಾಡಿನ ಹೆಂಗಸರಿಗೂ ಡೇರೆಗೂ ಇರುವ ನಂಟನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಡೇಲಿಯಾ ಎಂಬುದು ಅದರ ಕಾಗದಪತ್ರದ ಹೆಸರು. ಮೆಕ್ಸಿಕೋ ಅದರ ತವರು, ಅಲ್ಲಿನ ರಾಷ್ಟ್ರೀಯ ಪುಷ್ಪ. ಆದರೆ ನಮ್ಮ ಹಿತ್ತಲುಗಳಲ್ಲಿ ಅದು ನಮ್ಮದೇ. ಮಳೆ ಬಿದ್ದ ಮೇಲೆ ಯಾರ ಮನೆಗೆ ಹೋದರೂ ಮೊದಲು ಡೇರೆ ನೋಡಬೇಕು, ಇಲ್ಲದ ಬಣ್ಣ ಕಂಡರೆ ಗಡ್ಡೆ ಕೇಳಬೇಕು, ಬದಲಿಗೆ ನಮ್ಮದು ಕೊಡಬೇಕು. ಅತ್ತೆಯವರದು ಕಪ್ಪಿಗೆ ತಿರುಗಿದ ಕೆಂಪು. ಮದುವೆಯಾಗಿ ಬರುವಾಗ ತವರಿನಿಂದ ಸೀರೆಯ ಗಂಟಿನೊಳಗೆ ತಂದ ಗಡ್ಡೆ ಅದು. ತವರಿನ ಮನೆ ಮಾರಿಹೋಗಿತ್ತು, ಅಣ್ಣಂದಿರು ತೀರಿಕೊಂಡಿದ್ದರು. ಅಲ್ಲಿಂದ ಬಂದದ್ದರಲ್ಲಿ ಅವರೂ ಆ ಗಿಡವೂ ಉಳಿದಿದ್ದವು.

ಮೂರು ದಿನ ಬರೆದೆ. ಹೊರಗೆ ಬಿಡದ ಮಳೆ. ಮಳೆಗಾಲದಲ್ಲಿ ನಮ್ಮಲ್ಲಿ ನೀರುಬಣ್ಣ ಒಣಗುವುದೆಂದರೆ ಒಂದು ತಪಸ್ಸು. ಒಂದು ಪದರ ಒಣಗುವ ಮುಂಚೆ ಮೇಲೆ ಇನ್ನೊಂದು ಹಾಕಿದರೆ ನೀರು ಹಿಂದಕ್ಕೆ ನುಗ್ಗಿ ಹೂಕೋಸಿನಂಥ ಕಲೆ ಏಳುತ್ತದೆ. ಹಾಗಾಗಿ ಒಂದೊಂದು ಪದರಕ್ಕೂ ಹಾಳೆಯನ್ನು ಬಚ್ಚಲೊಲೆಯ ಹತ್ತಿರ ಒಯ್ದು ಹಪ್ಪಳ ಕಾಯಿಸಿದ ಹಾಗೆ ಕಾಯಿಸಿ ತರುತ್ತಿದ್ದೆ. ಡೇರೆಯಲ್ಲಿ ನಾವು ಎಸಳು ಎನ್ನುವ ಒಂದೊಂದೂ ಸಸ್ಯಶಾಸ್ತ್ರದ ಪ್ರಕಾರ ಒಂದೊಂದು ಹೂವು. ನೂರಾರು ಹೂವು ಸೇರಿ ಒಂದು ಡೇರೆ. ಎರಡನೆಯ ದಿನ ಚಿತ್ರ ತೋರಿಸಿದೆ. ಅತ್ತೆ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. “ಎಸಳೆಲ್ಲ ಸರಿ. ಆದ್ರೆ ಇದು ಫೋಟೋಕ್ಕೆ ನಿಂತ ಹಾಗೆ ನಿಂತಿದೆ. ಮಳೆನೀರು ತುಂಬಿದ ಡೇರೆ ಹೀಗೆ ತಲೆ ಎತ್ತಿ ನಿಲ್ತದಾ? ಕತ್ತು ಬಗ್ಗಿಸು. ಹಿಂಬದಿ ಕಾಣ್ಬೇಕು” ಎಂದರು. ಹಿಂಬದಿಯಲ್ಲೇನಿದೆ ಎಂದೆ. “ಹಿಂಬದಿಯಲ್ಲೇ ಅಲ್ವಾ ಇರೋದು! ಒಳಗೆ ಕಪ್ಪು ಕೆಂಪು, ಹಿಂದೆ ಬೂದಿ ಹಚ್ಚಿದ ಹಾಗೆ ಮಾಸಲು. ನಮ್ಮಮ್ಮ ಅದನ್ನ ನೋಡೇ ಇದು ನಮ್ಮನೆ ಡೇರೆ ಅಂತ ಹೇಳೋಳು. ಮುಂಬದಿ ಯಾರದ್ದಾದ್ರೂ ಹೀಗೇ ಇರ್ತದೆ.”

ಕೊಡೆ ಹಿಡಿದು ಹಿತ್ತಲಿಗೆ ಹೋಗಿ, ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಹೂವನ್ನು ಕೆಳಗಿನಿಂದ ನೋಡಿದೆ. ಅವರು ಹೇಳಿದ ಹಾಗೇ ಇತ್ತು. ಬೂದಿ ಸೋಕಿದ ಕೆಂಪು. ಹೊಸ ಹಾಳೆಯಲ್ಲಿ ಕತ್ತು ಬಗ್ಗಿದ ಡೇರೆಯನ್ನು ಬರೆದೆ. ಅತ್ತೆ ನೋಡಿದರು, ಏನೂ ಹೇಳಲಿಲ್ಲ. ಹಾಳೆಯನ್ನು ದಿಂಬಿನ ಅಡಿಯಲ್ಲಿಟ್ಟುಕೊಂಡರು. ಆಮೇಲೆ ಯಾರು ಬಂದರೂ ದಿಂಬಿನಡಿಯಿಂದ ತೆಗೆದು, “ನಮ್ಮ ಸೊಸೆ ಬರ್ದಿದ್ದು. ಹಿಂಬದಿ ನೋಡಿ” ಎಂದು ತೋರಿಸುತ್ತಿದ್ದರು. 2023ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಆ ಜುಲೈ ಕೊನೆಯ ಮಳೆಗೆ ಗಡ್ಡೆ ಕೊಳೆತುಹೋಯಿತು. ಹಿತ್ತಲಿನಲ್ಲಿ ಡೇರೆ ಇಲ್ಲದ ಮೊದಲ ಮಳೆಗಾಲ ಅದು. ಚಿತ್ರವೊಂದು ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಅದರ ಸ್ಥಿತಿಯೂ ಗಟ್ಟಿಯಲ್ಲ. ಅದಕ್ಕೆ ಬಳಸಿದ್ದು ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು. ಬೆಳಕಿಗೆ ಬಿಟ್ಟರೆ ವರ್ಷ ಕಳೆದಂತೆ ಮಾಸುವ ಬಣ್ಣ ಅದು. ಗೋಡೆಗೆ ತೂಗುಹಾಕೋಣ ಎಂದು ಇವರು ಚೌಕಟ್ಟು ಕಟ್ಟಿಸಿ ತಂದರು. ನಾನು ಒಪ್ಪಲಿಲ್ಲ. ಈಗ ಅದು ಬೀರುವಿನಲ್ಲಿ ಅತ್ತೆಯವರ ಎರಡು ಸೀರೆಗಳ ನಡುವೆ ಇದೆ.

2024ರ ಮೇ ತಿಂಗಳಲ್ಲಿ ಹಿಂದಿನ ಬೀದಿಯ ಹಿರಿಯರೊಬ್ಬರು ಮಣ್ಣು ಮೆತ್ತಿದ ಗಡ್ಡೆಯೊಂದನ್ನು ಹಳೆಯ ಪೇಪರಿನಲ್ಲಿ ಸುತ್ತಿ ತಂದುಕೊಟ್ಟರು. “ನಿಮ್ಮತ್ತೆ ಯಾವತ್ತೋ ಕೊಟ್ಟಿದ್ದು ಕಣಮ್ಮ. ನಿಮ್ಮಲ್ಲಿ ಹೋಯ್ತಂತಲ್ಲ” ಎಂದರು. ಹಾಗೆ ಅತ್ತೆ ಎಷ್ಟು ಮನೆಗಳಿಗೆ ಕೊಟ್ಟಿದ್ದರೋ! ಬೀರುವಿನೊಳಗೆ ನಾನು ಒಂದನ್ನು ಬಚ್ಚಿಟ್ಟು ಉಳಿಸಲು ಹೆಣಗಿದ್ದೆ. ಅವರು ಹಂಚಿ ಉಳಿಸಿದ್ದರು.

ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಕೈ ತುರಿಸುತ್ತಿದ್ದರೆ, ಒಂದು ಮಾತು. ಹನ್ನೆರಡು ಬಣ್ಣ ಬೇಕಿಲ್ಲ, ಹಳದಿ, ಕೆಂಪು, ನೀಲಿ ಮೂರಿದ್ದರೆ ಸಾಕು. ನೀರು ತಡೆಯುವ ದಪ್ಪ ಹಾಳೆ ತನ್ನಿ, ನಾಲ್ಕಾಗಿ ಕತ್ತರಿಸಿಕೊಳ್ಳಿ. ಬ್ರಷ್ಷು ಅದ್ದುವ ಮುಂಚೆ ಬೆಳಕು ಎಲ್ಲಿದೆ ಎಂದು ನೋಡಿ ಆ ಜಾಗ ಬಿಡಿ. ಬರೆದದ್ದನ್ನು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ತರಕಾರಿ ಆರಿಸಿದವರಿಗೆ ತೋರಿಸಿ. ಮುಗಿದ ಮೇಲೆ ಬದನೆಕಾಯಿಯನ್ನು ಪಲ್ಯ ಮಾಡಿ, ಏನೂ ಹಾಳಾಗುವುದಿಲ್ಲ.

ಆ ವರ್ಷ ಆಗಸ್ಟಿನಲ್ಲಿ ಗಿಡ ಮೊದಲ ಹೂ ಬಿಟ್ಟಿತು. ಮಳೆ ಹನಿಯುತ್ತಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಬುಡದಲ್ಲಿ ಕೂತು ಹೂವಿನ ಕೆಳಗೆ ಕತ್ತು ತೂರಿಸಿ ನೋಡುತ್ತಿದ್ದೆ. ಇವರು ಹಿತ್ತಲ ಬಾಗಿಲಿಗೆ ಬಂದವರು, “ಹೂವು ಈ ಕಡೆ ಇದೆ ಕಣೇ” ಎಂದರು.

“ಗೊತ್ತು ರೀ,” ಎಂದೆ, “ಇದು ನಮ್ಮನೆಯದೇ.”